ಟ್ರೈ ಸ್ಕ್ವೇರ್ ಕೊಳ್ಳುವ ಮುಂಚೆ ಮಗುಚಿ ನೋಡಿ

ಕೈಯಲ್ಲೇ ಡವ್‌ಟೇಲ್, ಟೆನನ್‌ನಂಥ ಮರದ ಜೋಡಣೆ ಕತ್ತರಿಸುವವರು ಟ್ರೈ ಸ್ಕ್ವೇರ್ (ಹಿಡಿಗೆ ಲಂಬಕೋನದಲ್ಲಿ ತೆಳು ಪಟ್ಟಿ ಕೂರಿಸಿದ, ಗೆರೆ ಹಾಕುವ ಉಪಕರಣ) ಕೊಳ್ಳಲು ಹೋಗುವಾಗ ನೇರ ಅಂಚಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು, ಚೂಪಾದ ಚಾಕು ಜೊತೆಗಿಟ್ಟುಕೊಳ್ಳಿ. ಸ್ಕ್ವೇರಿನ ಹಿಡಿಯನ್ನು ಅಂಚಿಗೆ ಒತ್ತಿ, ಪಟ್ಟಿಯ ಪಕ್ಕದಲ್ಲಿ ಚಾಕುವಿನಲ್ಲಿ ಗೆರೆ ಎಳೆಯಿರಿ. ಸ್ಕ್ವೇರ್ ಮಗುಚಿ, ಅದೇ ಅಂಚಿನಿಂದ, ಅದೇ ಜಾಗದಲ್ಲಿ ಇನ್ನೊಂದು ಗೆರೆ. ಎರಡೂ ಒಂದೇ ಆಗಿ ಕಂಡರೆ ತಗೊಳ್ಳಿ, ತುದಿಯಲ್ಲಿ ಕವಲೊಡೆದರೆ ಬೇಡ. ಮಗುಚಿದಾಗ ತಪ್ಪು ಎರಡರಷ್ಟಾಗಿ ಕಾಣುತ್ತದೆ: 100 ಮಿ.ಮೀ. ದೂರದಲ್ಲಿ ಗೆರೆಗಳ ನಡುವೆ 0.2 ಮಿ.ಮೀ. ಸಂದಿ ಇದ್ದರೆ ಸ್ಕ್ವೇರಿನ ತಪ್ಪು 0.1. ಇಷ್ಟೇ ಅಲ್ವಾ ಅನ್ನಬೇಡಿ. ಟೆನನ್ನಿನ ಭುಜದ, ಅಂದರೆ ತೂತಿಗೆ ಕೂರುವ ನಾಲಿಗೆಯ ಬುಡದ, ಗೆರೆಯನ್ನು ಮರದ ನಾಲ್ಕೂ ಮುಖಕ್ಕೆ ಸುತ್ತಿಸುವಾಗ ತಪ್ಪು ಕೂಡಿಕೊಳ್ಳುತ್ತಾ ಹೋಗುತ್ತದೆ, ಜೋಡಿಸಿದಾಗ ಅಲ್ಲೇ ಬಾಯಿ ಬಿಡುತ್ತದೆ. ಪೆನ್ಸಿಲ್ ಬಳಸಬೇಡಿ, ಅದರ ಗೆರೆಯ ದಪ್ಪದಲ್ಲೇ ತಪ್ಪು ಮುಚ್ಚಿಹೋಗುತ್ತದೆ. ತುಂಡಿನ ಅಂಚು ಡೊಂಕಾಗಿದ್ದರೆ ಮಾತ್ರ ಈ ಪರೀಕ್ಷೆಯನ್ನು ನಂಬಬೇಡಿ, ಒಳ್ಳೆಯ ಸ್ಕ್ವೇರ್ ಕೂಡ ಸೊಟ್ಟ ಕಾಣುತ್ತದೆ. ಹಿಡಿಯ ಹೊರಮೂಲೆ ಸರಿ ಇದೆಯೋ ಇಲ್ಲವೋ ಇದರಿಂದ ತಿಳಿಯುವುದಿಲ್ಲ. ಅಳತೆ ಕೇಳಿದರೆ, ಈ ಕೆಲಸಕ್ಕೆ 4 ಇಂಚಿನ ಪೂರ್ತಿ ಉಕ್ಕಿನದೇ ಸಾಕು. ಮರದ ಹಿಡಿಯದ್ದು ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಆಗ ಮತ್ತೆ ಮಗುಚಿ ನೋಡಬೇಕು.