‘ಊಟ ಮಾಡಿಲ್ಲ ಸಿಸ್ಟರ್, ಎರಡೇ ಇಡ್ಲಿ’: ಆಪರೇಷನ್‌ಗೆ ಹೋಗುವವರನ್ನು ಸಿದ್ಧಪಡಿಸುವ ಬಗೆ

ಮದ್ದೂರಿನ ಕಡೆಯ ರೈತರೊಬ್ಬರು ಹರ್ನಿಯಾ ಆಪರೇಷನ್‌ಗೆಂದು ನಮ್ಮ ವಾರ್ಡಿಗೆ ದಾಖಲಾಗಿದ್ದರು. ಹಿಂದಿನ ಸಂಜೆ ಅವರಿಗೆ ಹೇಳಿದವಳು ನಾನೇ: ‘ನಾಳೆ ಬೆಳಿಗ್ಗೆ ಊಟ ಮಾಡಬೇಡಿ, ಗೊತ್ತಾಯಿತೇ?’ ಅವರು ತಲೆಯಾಡಿಸಿದರು. ಬೆಳಿಗ್ಗೆ ಥಿಯೇಟರ್‌ಗೆ ಕಳುಹಿಸುವ ಮುಂಚೆ ಮತ್ತೆ ಕೇಳಿದೆ. ‘ಊಟ ಮಾಡಿಲ್ಲ ಸಿಸ್ಟರ್, ಎರಡೇ ಇಡ್ಲಿ, ಒಂದು ಲೋಟ ಕಾಫಿ’ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಕಡೆ ಊಟವೆಂದರೆ ಮುದ್ದೆ, ಅನ್ನ, ಸಾರು. ಇಡ್ಲಿ ತಿಂಡಿ. ಕಾಫಿಯಂತೂ ಲೆಕ್ಕಕ್ಕೇ ಇಲ್ಲ. ಆಪರೇಷನ್ ರದ್ದಾಗಿ ಹನ್ನೆರಡು ದಿನ ಮುಂದಕ್ಕೆ ಹೋಯಿತು. ಕಬ್ಬಿನ ಕಟಾವು ಬಿಟ್ಟು ಬಂದಿದ್ದ ಮಗ ನನ್ನ ಮುಖವನ್ನೂ ನೋಡದೆ ಅಪ್ಪನನ್ನು ಕರೆದುಕೊಂಡು ಹೊರಟುಹೋದ.

ಮೂವತ್ತೊಂದು ವರ್ಷ ನರ್ಸ್ ಆಗಿದ್ದು ನಿವೃತ್ತಳಾಗಿ ಈಗ ಮೈಸೂರಿನ ಮನೆಯಲ್ಲಿದ್ದೇನೆ. ನೆಂಟರು, ಬೀದಿಯವರು, ಅವರ ಊರಿನವರು ಆಪರೇಷನ್ ಗೊತ್ತಾದ ಕೂಡಲೇ ಒಮ್ಮೆ ಬಂದು ಕೂರುತ್ತಾರೆ. ಅವರೊಡನೆ ನಾನು ಮಾಡುವುದನ್ನು ಮನೆಯವರೂ ಮಾಡಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ‘ಗೊತ್ತಾಯಿತೇ’ ಎಂದು ಕೇಳಬೇಡಿ. ಆ ಪ್ರಶ್ನೆಗೆ ನಮ್ಮವರ ಉತ್ತರ ಯಾವಾಗಲೂ ‘ಹೂಂ’. ಗೊತ್ತಾಗಲಿಲ್ಲ ಎನ್ನಲು ಸಂಕೋಚ. ಬಿಳಿ ಕೋಟಿನವರ ಮುಂದಂತೂ ಇನ್ನೂ ಹೆಚ್ಚು. ಅದರ ಬದಲು ಅವರ ಬಾಯಿಂದಲೇ ಹೇಳಿಸಿ. ‘ದೊಡ್ಡಪ್ಪ, ಮನೆಯಲ್ಲಿ ದೊಡ್ಡಮ್ಮ ಕೇಳುತ್ತಾರಲ್ಲ, ಏನು ಆಪರೇಷನ್, ಯಾಕೆ ಎಂದು? ಅವರಿಗೆ ಏನು ಹೇಳುತ್ತೀರಿ?’ ಅಥವಾ, ‘ನಾಳೆ ಎದ್ದಾಗಿನಿಂದ ಏನೇನು ಮಾಡುತ್ತೀರಿ, ಒಂದು ಸಲ ಹೇಳಿ. ನಾನು ಏನಾದರೂ ಹೇಳುವುದನ್ನು ಬಿಟ್ಟಿದ್ದೇನೋ ನೋಡೋಣ.’ ಹೀಗೆ ಕೇಳಿದರೆ ಪರೀಕ್ಷೆ ನನಗಾಗುತ್ತದೆ, ಅವರಿಗಲ್ಲ. ಎಲ್ಲಿ ತಪ್ಪುತ್ತದೆಯೋ ಅದನ್ನು ಬೇರೆ ಮಾತಿನಲ್ಲಿ ಹೇಳಿ ಮತ್ತೊಮ್ಮೆ ಹೇಳಿಸಿ. ಅಷ್ಟಕ್ಕೆ ಐದು ನಿಮಿಷ ಸಾಕು. ಆ ರೈತರಿಗೆ ನಾನು ಆ ಐದು ನಿಮಿಷ ಕೊಟ್ಟಿರಲಿಲ್ಲ.

ಹೊಟ್ಟೆ ಖಾಲಿ ಇರಬೇಕು ಎನ್ನುವುದಕ್ಕೆ ಕಾರಣ ಹೇಳಲೇಬೇಕು, ಇಲ್ಲವಾದರೆ ಅದನ್ನು ಆಸ್ಪತ್ರೆಯವರ ಮಡಿ ಎಂದುಕೊಳ್ಳುತ್ತಾರೆ. ಅರಿವಳಿಕೆ ಕೊಟ್ಟಾಗ ಗಂಟಲಿನ ಕಾವಲು ಸಡಿಲಗೊಂಡು, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದು ಪ್ರಾಣಕ್ಕೇ ಅಪಾಯ. ಸಾಮಾನ್ಯ ಲೆಕ್ಕದಲ್ಲಿ ಹಗುರ ತಿಂಡಿ ಮತ್ತು ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು, ಜಿಡ್ಡಿನದು ಹಾಗೂ ಮಾಂಸ ಎಂಟು ಗಂಟೆ, ಬರೀ ನೀರು ಎರಡು ಗಂಟೆ. ಆದರೆ ನಿಮ್ಮ ಅರಿವಳಿಕೆ ವೈದ್ಯರು ಹೇಳಿದ ಸಮಯವೇ ಕೊನೆಯ ಮಾತು. ಇನ್ನು ‘ಏನೂ ತಿನ್ನಬೇಡಿ’ ಎಂದರೂ ಸಾಲದು, ಹೆಸರು ಹಿಡಿದು ಹೇಳಿ: ಇಡ್ಲಿ ಬೇಡ, ಬಿಸ್ಕತ್ತು ಬೇಡ, ಕಾಫಿ ಬೇಡ, ಮಜ್ಜಿಗೆ ಬೇಡ, ಎಲೆ ಅಡಿಕೆ ಬೇಡ. ಬೆಳಿಗ್ಗೆಯೇ ಗಂಜಾಂಗೆ ಹೋಗಿ ನಿಮಿಷಾಂಬೆಯ ಪ್ರಸಾದ ತಂದ ಅಕ್ಕನಿಗೂ ಹೇಳಿ, ಕುಂಕುಮ ಹಣೆಗೆ, ಪ್ರಸಾದ ಸಂಜೆಗೆ.

ಮಾತ್ರೆಗಳ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಟಿ ಸಮೇತ ಒಂದು ಚೀಲಕ್ಕೆ ಹಾಕಿ, ದಿನಾಂಕ ಗೊತ್ತಾದ ವಾರವೇ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುತ್ತಾರೆ. ಅದನ್ನು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು, ಹೇಳದೆ ಮುಂದುವರಿಸಿದರೆ ರಕ್ತ ನಿಲ್ಲದಿರಬಹುದು. ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಎಂದಿನಂತೆ ಮಾತ್ರೆ ನುಂಗಿದರೆ ಸಕ್ಕರೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್‌ನಂತಹ ಕೆಲವನ್ನು ಮೂರು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ರಕ್ತದೊತ್ತಡದ ಮಾತ್ರೆಗಳಲ್ಲಿ ಹಲವನ್ನು ಅಂದು ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಿಸುತ್ತಾರೆ, ಕೆಲವನ್ನು ಬಿಡಿಸುತ್ತಾರೆ. ಆದ್ದರಿಂದ ಒಂದೊಂದು ಮಾತ್ರೆಯನ್ನೂ ತೋರಿಸಿ ಕೇಳಿ. ಕಷಾಯ, ನಾಟಿ ಔಷಧಿ, ಹೊಗೆಸೊಪ್ಪು ಯಾವುದನ್ನೂ ಮುಚ್ಚಿಡಬೇಡಿ. ವೈದ್ಯರು ಗದರಿದರೆ ಗದರಲಿ.

ವೈದ್ಯರನ್ನು ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. ಆದರೆ ನಿಜವಾದ ಪ್ರಶ್ನೆ ಚೀಟಿಗೆ ಬರುವುದೇ ಇಲ್ಲ. ‘ಏನು ಕೇಳಬೇಕು ಅಕ್ಕ’ ಎಂದರೆ ‘ಏನೂ ಇಲ್ಲ’ ಎನ್ನುತ್ತಾರೆ. ಕಾಫಿ ಕುಡಿದು ಚಪ್ಪಲಿ ಮೆಟ್ಟುವಾಗ, ‘ಹಸು ಕರೆಯಲು ಎಷ್ಟು ದಿನ ಆಗುತ್ತದೆ?’ ಎಂದು ಹೊರಬರುತ್ತದೆ. ಅದನ್ನೇ ಬರೆಯಿರಿ. ‘ಭಾರ ಎತ್ತಬೇಡಿ’ ಎಂಬ ಮಾತೂ ಹಾಗೆಯೇ. ಪಾಂಡವಪುರದ ಹೆಂಗಸಿಗೆ ಭಾರವೆಂದರೆ ಭತ್ತದ ಮೂಟೆ, ತುಂಬಿದ ಬಿಂದಿಗೆ ಭಾರವೇ ಅಲ್ಲ. ಬಿಂದಿಗೆ, ಹಾಲಿನ ಕ್ಯಾನು, ಸೊಪ್ಪಿನ ಹೊರೆ, ಸೊಂಟದ ಮೇಲಿನ ಮೊಮ್ಮಗು ಎಂದು ಒಂದೊಂದನ್ನೂ ಹೆಸರಿಸಿ ಕೇಳಿ.

‘ಬೆನ್ನಿಗೆ ಸೂಜಿ’ ಎಂದರೆ ಜೀವನವಿಡೀ ಬೆನ್ನುನೋವು ಎಂಬ ಹೆದರಿಕೆ ಇರುತ್ತದೆ. ನಗಬೇಡಿ, ಏನಾಗುತ್ತದೆ ಎಂದು ವಿವರಿಸಿ. ಸೊಂಟದ ಕೆಳಗೆ ಕೆಲವು ಗಂಟೆ ಮರಗಟ್ಟುತ್ತದೆ, ಎಳೆದಂತೆ ಒತ್ತಿದಂತೆ ತಿಳಿಯಬಹುದು, ನೋವು ತಿಳಿಯಬಾರದು, ತಿಳಿದರೆ ಆಗಲೇ ಹೇಳಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಮಾಡಬೇಡಿ.

ಆಧಾರ್, ಪಡಿತರ ಚೀಟಿ, ಹಳೆಯ ರಿಪೋರ್ಟುಗಳು ಒಂದು ಕವರಿನಲ್ಲಿರಲಿ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ದಾಖಲಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಿ.

ಕಾಲುಂಗುರ, ಬಳೆ, ಉಗುರುಬಣ್ಣ ಮನೆಯಲ್ಲೇ ತೆಗೆಯಿರಿ. ತಾಳಿಯ ಮಾತನ್ನು ಮಾತ್ರ ಹಿಂದಿನ ದಿನವೇ ಅತ್ತೆಯ ಎದುರಿನಲ್ಲಿ ಎತ್ತಿ. ಥಿಯೇಟರ್ ಬಾಗಿಲಲ್ಲಿ ಎತ್ತಿದರೆ ಅಳು. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೆಲವು ಕಡೆ ಬಿಡುತ್ತಾರೆ, ಮೊದಲೇ ವಿಚಾರಿಸಿ. ಆಪರೇಷನ್ ಜಾಗದ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ, ಸಣ್ಣ ಗೀರುಗಳಿಂದ ಸೋಂಕು ತಗಲಬಹುದು.

ಮನೆಗೆ ಬಂದ ಮೇಲೆ ಬೇಳೆ, ಮೊಟ್ಟೆ ನಂಜು ಎಂದು ಬರೀ ತಿಳಿಸಾರು ಅನ್ನ ಹಾಕುವವರಿದ್ದಾರೆ. ಗಾಯ ಮಾಯಲು ಬೇಕಾದದ್ದೇ ಅವು. ಸಂದೇಹವಿದ್ದರೆ ಬಿಡುಗಡೆಗೆ ಮುಂಚೆ ವೈದ್ಯರನ್ನೇ ಕೇಳಿ. ಮಾತ್ರೆ ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓದು ಬಾರದವರಿಗೆ ಮಾತ್ರೆಯ ಪೊಟ್ಟಣದ ಮೇಲೆ ಚಿತ್ರ ಬರೆದುಕೊಡಿ. ನಾನು ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆಯುತ್ತಿದ್ದೆ. ಒಮ್ಮೆ ಶ್ರೀರಂಗಪಟ್ಟಣದ ಅಜ್ಜಿಯೊಬ್ಬರಿಗೆ ಎಲ್ಲ ವಿವರಿಸಿ ಅವರ ಬಾಯಲ್ಲೇ ಹೇಳಿಸಿದೆ. ಚೆನ್ನಾಗಿ ಒಪ್ಪಿಸಿದರು. ಆಮೇಲೆ ಕೇಳಿದರು, ‘ಅಮಾವಾಸ್ಯೆಯ ದಿನ ನುಂಗುವುದೋ ಬೇಡವೋ ತಾಯಿ?’

ಈಗ ರಾತ್ರಿಗೆ ಮಂಚ ಬರೆಯುತ್ತೇನೆ.