ಟಾರ್ಗೆಟ್ ಬೆಲೆಯನ್ನು ಬಿಚ್ಚಿ ಲೆಕ್ಕ ಹಾಕಿದ ಬಗೆ: ನನ್ನ ಅನುಭವ

ಉಕ್ಕಿನ ಷೇರಿಗೆ ವಿಶ್ಲೇಷಕರು ಕೊಡುವ ಟಾರ್ಗೆಟ್ ಬೆಲೆಯನ್ನು (ಷೇರು ಮುಂದೆ ತಲುಪಬಹುದು ಎಂದು ಅವರು ಹೇಳುವ ದರ) ಬದಿಗಿಟ್ಟು, ಅದರ ಒಳಗಿರುವ ಅಂದಾಜನ್ನಷ್ಟೇ ಹಿಡಿದು ವ್ಯವಹರಿಸುತ್ತೇನೆ ಎಂದಾಗ ಬಳ್ಳಾರಿಯ ಬ್ರೋಕರ್ ಕಚೇರಿಯ ಗೆಳೆಯರು, “ಅದಿರು ಲಾರಿ ಧೂಳು ನೋಡಿ ಷೇರು ತಗೊಂತೀರೇನ್ರೀ” ಎಂದು ನಕ್ಕಿದ್ದರು. ಸುಮಾರು ಮೂರು ಲಕ್ಷದ ಬಂಡವಾಳಕ್ಕೆ ಒಂದು ಲಕ್ಷದ ಆಸುಪಾಸು ಲಾಭ ಕೈಸೇರಿದ ಮೇಲೆ ಅವರೇ ಲೆಕ್ಕದ ಹಾಳೆ ಕೇಳುತ್ತಿದ್ದಾರೆ.

ಮೊದಲು ಹಿಡಿದ ದಾರಿ ಎಲ್ಲರದ್ದೇ ಆಗಿತ್ತು: ಸಿಕ್ಕ ವರದಿಗಳ ಟಾರ್ಗೆಟ್‌ಗಳ ಸರಾಸರಿ ತೆಗೆದು, ಷೇರು ಅದಕ್ಕಿಂತ ಶೇ 20ರಷ್ಟು ಕೆಳಗಿದ್ದರೆ ಕೊಳ್ಳುವುದು. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಶೇ 15ರ ಸುಂಕ ವಿಧಿಸಿದಾಗ ದೊಡ್ಡ ಉಕ್ಕು ಷೇರುಗಳು ಒಂದೇ ದಿನ ಶೇ 10ಕ್ಕೂ ಹೆಚ್ಚು ಕುಸಿದವು. ನಾನು ನಂಬಿದ್ದ ಟಾರ್ಗೆಟ್‌ಗಳು ಇಳಿದದ್ದು ಆ ಬಳಿಕ. ನಲವತ್ತು ಸಾವಿರದಷ್ಟು ಹೋಯಿತು. ನಂತರ ಯಾವ ವಿಶ್ಲೇಷಕರ ಗುರಿ ಹೆಚ್ಚು ನಿಜವಾಗುತ್ತದೆ ಎಂದು ದಾಖಲೆ ಇಟ್ಟೆ. ಈ ವರ್ಷ ಮೊದಲಿದ್ದವರು ಮುಂದಿನ ವರ್ಷ ಕೊನೆಯಲ್ಲಿರುತ್ತಿದ್ದರು.

ಈಗ ನಾನು ವರದಿಯಲ್ಲಿ ನೋಡುವುದು ಟನ್ನಿಗೆ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ) ಎಷ್ಟು, ಕಂಪನಿಯ ಮೌಲ್ಯ ಕಟ್ಟಲು ಅದಕ್ಕೆ ಎಷ್ಟು ಪಟ್ಟು ಕೊಟ್ಟಿದ್ದಾರೆ, ಅದರಿಂದ ನಿವ್ವಳ ಸಾಲ ಎಷ್ಟು ಕಳೆದಿದ್ದಾರೆ ಎಂಬುದನ್ನು ಮಾತ್ರ. ಒಂದು ಟನ್ ಉಕ್ಕಿಗೆ ಸುಮಾರು 1.6 ಟನ್ ಅದಿರು ಬೇಕಾಗುವುದರಿಂದ, ಅದಿರು ಟನ್ನಿಗೆ 500 ರೂಪಾಯಿ ಏರಿ ಉಕ್ಕಿನ ದರ ಅಲ್ಲೇ ನಿಂತರೆ ಟನ್ ಉಕ್ಕಿನ ವೆಚ್ಚ 800 ರೂಪಾಯಿ ಏರುತ್ತದೆ. ವರ್ಷಕ್ಕೆ ಒಂದು ಕೋಟಿ ಟನ್ ಮಾರುವ ಕಂಪನಿಗೆ ಅದು 800 ಕೋಟಿ. ವಿಶ್ಲೇಷಕರು ಎಬಿಟ್ಡಾಗೆ ಆರು ಪಟ್ಟು ಕೊಟ್ಟಿದ್ದರೆ ಕಂಪನಿಯ ಮೌಲ್ಯದಲ್ಲಿ 4,800 ಕೋಟಿ ಇಳಿಕೆ. 240 ಕೋಟಿ ಷೇರುಗಳಿದ್ದರೆ ಟಾರ್ಗೆಟ್ ಷೇರಿಗೆ 20 ರೂಪಾಯಿ ಇಳಿಯಬೇಕು. ಸ್ವಂತ ಗಣಿ ಇದ್ದವರಿಗೆ ಇದು ತಟ್ಟುವುದಿಲ್ಲ ಎಂದು ವಾದಿಸುವವರಿದ್ದಾರೆ. ಹರಾಜಿನಲ್ಲಿ ಪಡೆದ ಗಣಿಗೆ ಸರಾಸರಿ ಮಾರಾಟ ದರದ ಶೇಕಡಾವಾರು ಪ್ರೀಮಿಯಂ ಕಟ್ಟಬೇಕಾದ್ದರಿಂದ ದರ ಏರಿದಾಗ ಅವರ ಖರ್ಚೂ ಏರುತ್ತದೆ, ಗಣಿಗಳ ಊರಾದ ಸಂಡೂರಿನ ಸುತ್ತಮುತ್ತ ಇರುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿ ತನ್ನ ಲಂಪ್ (ಗಟ್ಟಿ ಅದಿರು) ಮತ್ತು ಫೈನ್ಸ್ (ಪುಡಿ ಅದಿರು) ದರವನ್ನು ಷೇರುಪೇಟೆಗೆ ತಿಳಿಸಿದ ದಿನವೇ ಮೇಲಿನ ಲೆಕ್ಕ ತಿದ್ದಿ, ವಿಶ್ಲೇಷಕರ ಅಂದಾಜು ಇನ್ನೂ ಹಳೆಯದರಲ್ಲೇ ಇದೆಯೇ ಎಂದು ನೋಡುತ್ತೇನೆ. ಎಷ್ಟು ಅಂತರ ಕಂಡರೆ ಕೊಳ್ಳುತ್ತೇನೆ, ಉಕ್ಕು ತಯಾರಿಕೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿಗೆ ಎಷ್ಟು ತಿಂಗಳ ಹಿಂದಿನ ದರ ಹಾಕುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಇದೇ ಲೆಕ್ಕವನ್ನು ಕೊಪ್ಪಳದ ಬೇವಿನಹಳ್ಳಿಯಲ್ಲಿ ಪಿಗ್ ಐರನ್ (ಅದಿರು ಕರಗಿಸಿ ತೆಗೆದ ಕಚ್ಚಾ ಕಬ್ಬಿಣ) ತಯಾರಿಸುವ ಕಿರ್ಲೋಸ್ಕರ್ ಫೆರಸ್‌ಗೂ ಹಾಕಿ ನೋಡಿದೆ. ಅಲ್ಲಿ ಟ್ರ್ಯಾಕ್ಟರ್ ಎಂಜಿನ್ನಿನ ಎರಕದ ಭಾಗಗಳ ವ್ಯಾಪಾರವೂ ಸೇರಿಕೊಂಡಿರುವುದರಿಂದ ಅದಿರಿನ ಲೆಕ್ಕ ಅರ್ಧಕ್ಕೇ ನಿಂತಿತು, ಖರ್ಚು ಕಳೆದು ಏನೂ ಉಳಿಯಲಿಲ್ಲ.

ಹಳೆಯ ವರದಿ ಬಳಸುವವರು ಬೋನಸ್ (ಕಂಪನಿ ಉಚಿತವಾಗಿ ಕೊಡುವ ಹೆಚ್ಚುವರಿ ಷೇರು) ಲೆಕ್ಕ ಸರಿಪಡಿಸಿಕೊಳ್ಳಬೇಕು: ಎನ್‌ಎಂಡಿಸಿ 2024ರ ಡಿಸೆಂಬರಿನಲ್ಲಿ ಒಂದು ಷೇರಿಗೆ ಎರಡು ಬೋನಸ್ ಕೊಟ್ಟಿದ್ದರಿಂದ ಅದಕ್ಕೂ ಮೊದಲಿನ ಟಾರ್ಗೆಟ್‌ಗಳನ್ನು ಮೂರರಿಂದ ಭಾಗಿಸದೆ ಹಾಳೆಗೆ ಸೇರಿಸುವಂತಿಲ್ಲ.