ಎಳೆ ಎಣಿಸಿ, ವಿನ್ಯಾಸ ಕಟ್ಟಿ: ಬಟ್ಟೆ ವಿನ್ಯಾಸಕರಾಗುವುದು ಹೇಗೆ?

ಹಾಸಿಗೆ ಹೊದಿಕೆಯ ಮೇಲಿನ ಬಳ್ಳಿ, ಚೂಡಿದಾರದ ಬುಟ್ಟಾ, ಕಿಟಕಿ ಪರದೆಯ ಎಲೆ, ಸೀರೆಯ ಸೆರಗು, ಸಿಹಿ ಅಂಗಡಿಯ ಡಬ್ಬಿಯ ಸುತ್ತಲಿನ ಚಿತ್ತಾರ: ಇವೆಲ್ಲವನ್ನೂ ಯಾರೋ ಕುಳಿತು ಬರೆದಿರುತ್ತಾರೆ. ಹಾಗೆ ಬರೆಯುವುದೇ ಒಂದು ವೃತ್ತಿ, ಅದರಿಂದ ಮನೆ ನಡೆಯುತ್ತದೆ ಎಂಬುದು ನಮ್ಮ ಕಡೆಯ ಬಹಳಷ್ಟು ಪಾಲಕರ ಗಮನಕ್ಕೇ ಬಂದಿಲ್ಲ. ಚಿತ್ರ ಚೆನ್ನಾಗಿ ಬರೆಯುವ ಮಗಳಿಗೆ ‘ಡ್ರಾಯಿಂಗ್ ಟೀಚರ್ ಆಗು’ ಎನ್ನುವುದರಾಚೆ ಸಲಹೆ ಸಿಗುವುದಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಹುಟ್ಟಿದವರಿಗೆ ಈ ವೃತ್ತಿಯ ಅರ್ಧ ಪಾಠ ಮನೆಯ ಟ್ರಂಕಿನಲ್ಲೇ ಮಡಚಿಟ್ಟಿರುತ್ತದೆ. ಅಜ್ಜಿಯ ಇಳಕಲ್ ಸೀರೆ, ಅದರ ಮೇಲಿನ ಕಸೂತಿ, ನವಲಗುಂದದ ಜಮಖಾನೆ, ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ. ಉಳಿದರ್ಧವನ್ನು ಹೇಗೆ ಕಲಿಯಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಒಂದು ಮಾತು ಮೊದಲೇ ತಿಳಿದಿರಲಿ. ಒಳ್ಳೆಯ ಚಿತ್ರಕಾರರೆಲ್ಲ ಒಳ್ಳೆಯ ಬಟ್ಟೆ ವಿನ್ಯಾಸಕರಾಗುವುದಿಲ್ಲ. ಕಾಗದದ ಮೇಲೆ ಕಣ್ಣು ಸೆಳೆಯುವ ಎಷ್ಟೋ ಚಿತ್ರಗಳು ಮಗ್ಗಕ್ಕೆ ಏರುವುದೇ ಇಲ್ಲ, ಏರಿದರೂ ಗುರುತು ಸಿಗದಂತಾಗುತ್ತವೆ. ಬಟ್ಟೆ ಏನನ್ನು ಒಪ್ಪುತ್ತದೆ, ಏನನ್ನು ಒಪ್ಪುವುದಿಲ್ಲ ಎಂಬುದನ್ನು ಮೊದಲು ಕಲಿತವರೇ ಈ ಕ್ಷೇತ್ರದಲ್ಲಿ ಉಳಿಯುತ್ತಾರೆ. ಹಾಗಾಗಿ ಕಂಪ್ಯೂಟರಿನ ಮಾತು ತುಸು ತಡವಾಗಿ ಬರುತ್ತದೆ.

ಸೂಜಿಯಿಂದ ಶುರು

ಧಾರವಾಡದ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರಗಿ, ನೇಗಿ, ಮೆಂತೆ. ವಿನ್ಯಾಸಕರಾಗಬೇಕೆನ್ನುವವರು ಗವಂತಿಯನ್ನಾದರೂ ಕೈಯಾರೆ ಹಾಕಿ ಕಲಿಯಲೇಬೇಕು. ಇದರಲ್ಲಿ ಪೆನ್ಸಿಲಿನ ಗುರುತು ಇರುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಊರಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಮರಳುವಾಗ ಬಿಟ್ಟ ಜಾಗಗಳ ಭರ್ತಿ. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ತಾರ ಕಾಣಬೇಕು. ಒಂದು ಗೋಪುರ ಮೂಡಿಸುವಾಗ ಯಾವ ಕವಲಿಗೆ ಯಾವಾಗ ಹೊರಳಬೇಕು, ಅದರ ತುದಿ ಮುಟ್ಟಿ ಎಲ್ಲಿಂದ ಹಿಂದಿರುಗಬೇಕು ಎಂಬ ಲೆಕ್ಕ ಮೊದಲೇ ತಲೆಯಲ್ಲಿರಬೇಕು. ಲೆಕ್ಕ ತಪ್ಪಿದರೆ ಎಲ್ಲೋ ಒಂದು ಗೆರೆ ಅರ್ಧಕ್ಕೇ ಉಳಿಯುತ್ತದೆ, ಅಲ್ಲಿಗೆ ಮರಳಲು ದಾರಿ ಇರುವುದಿಲ್ಲ.

ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ತುಂಡಿನ ಮೇಲೆ ಒಂದು ತುಳಸಿಕಟ್ಟೆ, ಒಂದು ತೇರು, ಒಂದು ಅಂಬಾರಿ ಆನೆ ಹಾಕಿ ನೋಡಿ. ಅಡ್ಡ, ಉದ್ದ, ಓರೆ ಗೆರೆಗಳಷ್ಟರಲ್ಲೇ ಆನೆಯ ಸೊಂಡಿಲು ಹೇಗೆ ಬಾಗಿದಂತೆ ಕಾಣುತ್ತದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಮುಂದೆ ಜಕಾರ್ಡ್ ಗ್ರಾಫ್, ಅಂದರೆ ಮಗ್ಗದಲ್ಲಿ ಚಿತ್ತಾರ ಮೂಡಿಸುವ ಸಾಧನಕ್ಕೆ ಬೇಕಾದ ಚೌಕಗಳ ನಕ್ಷೆ ತುಂಬಿಸುವಾಗ ಇದೇ ತಿಳಿವಳಿಕೆ ಕೈ ಹಿಡಿಯುತ್ತದೆ. ಕಸೂತಿ ಹಾಕುವ ಹಿರಿಯ ಹೆಣ್ಣುಮಕ್ಕಳು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಹತ್ತಿರ ಕುಳಿತು ಕಲಿಯುವ ಅವಕಾಶ ಸಿಕ್ಕರೆ, ಅದಕ್ಕೆ ಸಮನಾದ ಕೋರ್ಸ್ ಬೇರೊಂದಿಲ್ಲ ಎಂದೇ ನನ್ನ ನಂಬಿಕೆ.

ನೋಡಿ, ಅಳೆಯಿರಿ, ಬರೆಯಿರಿ

ನೋಟ್‌ಬುಕ್ ಹಿಡಿದು ಊರೂರು ಸುತ್ತಬೇಕು. ಲಕ್ಕುಂಡಿಯ ಕಂಬಗಳು, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ಗದಗಿನ ತ್ರಿಕೂಟೇಶ್ವರ, ಹಾವೇರಿಯ ಸಿದ್ಧೇಶ್ವರ: ಎಲ್ಲವೂ ಬಸ್ಸಿನ ಹಾದಿಯಲ್ಲೇ ಇವೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಡಂಬಳದ ದೊಡ್ಡಬಸಪ್ಪ ಗುಡಿ. ಚಾಲುಕ್ಯರ ಕಾಲದ ಈ ಗುಡಿಯ ತಳವಿನ್ಯಾಸ 24 ಮೊನೆಗಳ ನಕ್ಷತ್ರ. ಅದರ ಗುಟ್ಟು ಬಿಡಿಸಲು ಒಂದು ಚೌಕ ಬರೆಯಿರಿ. ನಡುಬಿಂದುವನ್ನು ಕದಲಿಸದೆ 15 ಡಿಗ್ರಿಯಂತೆ ತಿರುಗಿಸುತ್ತ ಒಟ್ಟು ಆರು ಚೌಕಗಳನ್ನು ಒಂದರ ಮೇಲೊಂದು ಬರೆಯಿರಿ. ಆರು ಚೌಕಗಳ ನಾಲ್ಕು ನಾಲ್ಕು ಮೂಲೆ ಸೇರಿ 24 ಮೊನೆಗಳಾದವು. ಗೋಡೆಯುದ್ದಕ್ಕೂ ನಡೆಯುವಾಗ ಬೆಳಕು-ನೆರಳು ಒಂದು ತಾಳದಲ್ಲಿ ಬದಲಾಗುವುದು ಈ ಲೆಕ್ಕದಿಂದಲೇ. ಅದನ್ನು ಇಡಿಯಾಗಿ ಬಟ್ಟೆಗೆ ಇಳಿಸಬೇಕಿಲ್ಲ. ಎರಡು ಮೊನೆಗಳ ನಡುವಿನ ಒಂದು ಕೋನ ತೆಗೆದುಕೊಂಡು ಅಂಚು ಮಾಡಿ, ಅಷ್ಟು ಸಾಕು.

ನವಿಲು, ಕಮಲ, ಮಾವಿನಕಾಯಿ ಬುಟ್ಟಾಗಳನ್ನು ಎಲ್ಲರೂ ಬರೆಯುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಗಲು ಹರವಿದ ಕಣ, ಹಾವೇರಿಯ ಏಲಕ್ಕಿ ಹಾರದ ಹೆಣಿಗೆ, ರಾಣೆಬೆನ್ನೂರಿನ ಕೃಷ್ಣಮೃಗದ ಸುರುಳಿ ಕೊಂಬು, ಹಿಂಗಾರಿ ಜೋಳದ ತೆನೆ: ಇವು ಎಷ್ಟು ಮಂದಿಯ ಪುಸ್ತಕದಲ್ಲಿವೆ? ಖರೀದಿದಾರರು ನೂರು ನವಿಲು ನೋಡಿ ದಣಿದಿರುತ್ತಾರೆ.

ಒಂದು ಚಿತ್ರ ಥಾನಿನುದ್ದ ಹರಿಯಬೇಕು

ವೃತ್ತಿಪರರಿಗೂ ಹವ್ಯಾಸಿಗಳಿಗೂ ಇರುವ ವ್ಯತ್ಯಾಸ ಗೊತ್ತಾಗುವುದು ರಿಪೀಟ್‌ನಲ್ಲಿ. ಒಂದು ತುಂಡು ಚಿತ್ರ ಎಡ-ಬಲ, ಮೇಲೆ-ಕೆಳಗೆ ಎಲ್ಲಿಯೂ ಕಚ್ಚು ಕಾಣದಂತೆ ತನ್ನನ್ನೇ ಕೂಡಿಕೊಳ್ಳಬೇಕು. ಇದನ್ನು ಮೊದಲು ಕಾಗದದಲ್ಲೇ ಮಾಡಿ. ಹಾಳೆಯ ನಡುವೆ ಚಿತ್ರ ಬರೆಯಿರಿ, ಅಂಚುಗಳನ್ನು ಮುಟ್ಟಬೇಡಿ. ಹಾಳೆಯನ್ನು ಉದ್ದಕ್ಕೆ ಕತ್ತರಿಸಿ, ಎಡದ ತುಂಡನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಟೇಪ್ ಹಚ್ಚಿ. ಅಡ್ಡಕ್ಕೂ ಹಾಗೆಯೇ ಮಾಡಿ. ಈಗ ನಡುವೆ ಖಾಲಿ ಜಾಗ ತೆರೆದುಕೊಂಡಿರುತ್ತದೆ, ಅದನ್ನು ತುಂಬಿ. ರಿಪೀಟ್ ಸಿದ್ಧವಾಯಿತು.

ಪಕ್ಕದ ಸಾಲನ್ನು ಅರ್ಧ ಎತ್ತರಕ್ಕೆ ಜಾರಿಸಿದರೆ ಅದು ಹಾಫ್ ಡ್ರಾಪ್. ಹೂಬಳ್ಳಿಯ ವಿನ್ಯಾಸಗಳಿಗೆ ಇದೇ ಹೊಂದುತ್ತದೆ, ಚೌಕಟ್ಟು ಕಣ್ಣಿಗೆ ಬೀಳುವುದಿಲ್ಲ. ಮುಗಿದ ಮೇಲೆ ಗೋಡೆಗೆ ಅಂಟಿಸಿ ಕೋಣೆಯ ಆ ತುದಿಗೆ ಹೋಗಿ ನಿಂತು ನೋಡಿ. ಹತ್ತಿರದಿಂದ ಕಾಣದ ಖಾಲಿ ಓಣಿಗಳು, ಬೇಡದ ಪಟ್ಟೆಗಳು ಅಲ್ಲಿಂದ ಎದ್ದು ಕಾಣುತ್ತವೆ. ಇನ್ನೊಂದು ಸಂಗತಿ ದರ್ಜಿಗಳಿಗೆ ಚೆನ್ನಾಗಿ ಗೊತ್ತು: ಎಲ್ಲ ಹೂಗಳೂ ಮೇಲ್ಮುಖವಾಗಿದ್ದರೆ ಬಟ್ಟೆಯನ್ನು ಒಂದೇ ದಿಕ್ಕಿಗೆ ಕತ್ತರಿಸಬೇಕು, ತುಂಡು ವ್ಯರ್ಥವಾಗುತ್ತದೆ. ಉಡುಪಿನ ಬಟ್ಟೆಗೆ ಹೂಗಳನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಚೆಲ್ಲುವುದು ಲೇಸು.

ಅಳತೆಯೂ ಮನಸ್ಸಿಗೆ ಬಂದಂತಲ್ಲ. ರೋಟರಿ ಮುದ್ರಣದಲ್ಲಿ ಉರುಳುವ ಕೊಳವೆಯಾಕಾರದ ಸ್ಕ್ರೀನಿನ ಸಾಮಾನ್ಯ ಸುತ್ತಳತೆ 64 ಸೆಂ.ಮೀ. ಆದ್ದರಿಂದ ರಿಪೀಟಿನ ಎತ್ತರ 64, 32 ಅಥವಾ 16 ಸೆಂ.ಮೀ.ನಂತೆ ಅದಕ್ಕೆ ಸರಿಯಾಗಿ ಭಾಗವಾಗಬೇಕು. ಡಿಜಿಟಲ್ ಮುದ್ರಣಕ್ಕೆ ಈ ಕಟ್ಟು ಇಲ್ಲ. ಸ್ಕ್ರೀನ್ ಮುದ್ರಣದಲ್ಲಿ ಬಣ್ಣಕ್ಕೊಂದು ಸ್ಕ್ರೀನ್ ಬೇಕು, ಎಂಟು ಬಣ್ಣವೆಂದರೆ ಎಂಟು ಸ್ಕ್ರೀನಿನ ಖರ್ಚು. ನಾಲ್ಕು ಬಣ್ಣದಲ್ಲಿ ತುಂಬಿದಂತೆ ಕಾಣುವ ವಿನ್ಯಾಸ ಕಟ್ಟಬಲ್ಲವರನ್ನು ಕಾರ್ಖಾನೆಯವರು ಮತ್ತೆ ಮತ್ತೆ ಕರೆಯುತ್ತಾರೆ.

ಮಗ್ಗದ ಪಕ್ಕ ಕುಳಿತುಕೊಳ್ಳಿ

ಗದಗ-ಬೆಟಗೇರಿ, ಗಜೇಂದ್ರಗಡದ ನೇಕಾರರ ಮನೆಗಳಿಗೆ ಹೋಗಿ. ಹಾಸು (ಉದ್ದದ ಎಳೆ) ಮತ್ತು ಹೊಕ್ಕಿನ (ಅಡ್ಡದ ಎಳೆ) ಲೆಕ್ಕ ಅಲ್ಲಿ ಕಣ್ಣೆದುರೇ ಇರುತ್ತದೆ. ಜಕಾರ್ಡ್‌ಗೆ ಹಾಸಿನ ಎಳೆ ಎತ್ತುವ 240 ಹುಕ್ ಇದ್ದು, ಇಂಚಿಗೆ 60 ಹಾಸಿನ ಎಳೆ ಇದ್ದರೆ, ಹುಕ್ಕಿಗೊಂದು ಎಳೆಯಂತೆ ನಿಮ್ಮ ರಿಪೀಟಿನ ಅಗಲ ನಾಲ್ಕು ಇಂಚು. ಅದಕ್ಕಿಂತ ದೊಡ್ಡ ಹೂ ಬೇಕೆಂದರೆ ಮಗ್ಗದಲ್ಲಿ ಜಾಗವಿಲ್ಲ. ಇಂಚಿಗೆ 60 ಹಾಸು, 40 ಹೊಕ್ಕು ಇರುವ ಬಟ್ಟೆಗೆ ಸಮಚೌಕದ ಗ್ರಾಫಿನಲ್ಲಿ ದುಂಡಗೆ ಬರೆದ ಚಂದ್ರ ನೇಯ್ದ ಮೇಲೆ ಉದ್ದನೆಯ ಮೊಟ್ಟೆಯಾಗುತ್ತಾನೆ. ಅದೇ ಅನುಪಾತದ ಗ್ರಾಫ್ ಹಾಳೆಯಲ್ಲಿ ಬರೆದರೆ ಮಾತ್ರ ಚಂದ್ರ ದುಂಡಗೆ ಉಳಿಯುತ್ತಾನೆ. ಎಳೆಗಳು ಹೆಣೆದುಕೊಳ್ಳದೆ ಹೆಚ್ಚು ದೂರ ತೇಲಿದರೆ ಬಳೆಗೆ, ಕಾಲುಂಗುರಕ್ಕೆ ಸಿಕ್ಕಿ ಕೀಳುತ್ತವೆ. ಎಷ್ಟು ತೇಲಿದರೆ ನಡೆಯುತ್ತದೆ ಎಂದು ನೇಕಾರರನ್ನೇ ಕೇಳಿ.

ಇಳಕಲ್ ಬಗೆಯ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಜೋಡಣೆಯನ್ನು ಒಮ್ಮೆಯಾದರೂ ಪೂರ್ತಿ ನಿಂತು ನೋಡಿ, ಸೆರಗಿನ ಬಣ್ಣ ಒಡಲಿಗಿಂತ ಅಷ್ಟು ಬೇರೆಯಾಗಿರಲು ಹೇಗೆ ಸಾಧ್ಯ ಎಂಬುದು ಅಲ್ಲೇ ಅರ್ಥವಾಗುತ್ತದೆ. ಗರಗದ ಖಾದಿಯ ಮೇಲೂ ಮಿಲ್ ಬಟ್ಟೆಯ ಮೇಲೂ ಒಂದೇ ಅಚ್ಚು ಒತ್ತಿ ಹೋಲಿಸಿ. ಕೈನೂಲಿನ ಏರಿಳಿತ ಸಣ್ಣ ಗೆರೆಗಳನ್ನು ನುಂಗುತ್ತದೆ, ಅಗಲ ಗೆರೆಗಳಿಗೆ ಜೀವ ತುಂಬುತ್ತದೆ. ಮಾದರಿ ನೇಯಿಸಿದರೆ ಅದರ ಕೂಲಿಯನ್ನು ಆ ದಿನವೇ ಕೊಡಿ. ನೇಕಾರರ ಒಂದು ದಿನ ಎಂದರೆ ಅವರ ಮನೆಯ ಒಂದು ದಿನದ ಊಟ.

ಎಲ್ಲಿ ಕಲಿಯಬೇಕು?

ಗದಗ-ಬೆಟಗೇರಿಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ನೇಯ್ಗೆಯನ್ನು ಬುಡದಿಂದ ಕಲಿಯಬೇಕೆನ್ನುವವರಿಗೆ ಅದು ಸರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿ ಜವಳಿ ಮತ್ತು ಉಡುಪು ವಿಭಾಗವಿದೆ. ದೇಶಮಟ್ಟದಲ್ಲಿ ಬೆಂಗಳೂರಿನ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ), ಅಹಮದಾಬಾದಿನ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಇವೆ, ಪ್ರವೇಶ ಪರೀಕ್ಷೆಗೆ ಒಂದು ವರ್ಷ ಮೊದಲಿನಿಂದ ಕೈ ಪಳಗಿಸಬೇಕು. ಇವು ಯಾವುವೂ ಸಿಗದಿದ್ದರೆ ವೃತ್ತಿಯ ಬಾಗಿಲು ಮುಚ್ಚುವುದಿಲ್ಲ. ಖರೀದಿದಾರರು ಕೇಳುವುದು ವಿನ್ಯಾಸವನ್ನು, ಅಂಕಪಟ್ಟಿ ಕೇಳಿದವರು ವಿರಳ.

ತಂತ್ರಾಂಶಕ್ಕೆ ಹಣ ಸುರಿಯುವ ಅವಸರ ಬೇಡ. ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ ಉಚಿತ, ಬರೆಯುತ್ತಿರುವಾಗಲೇ ಚಿತ್ರ ನಾಲ್ಕೂ ಕಡೆ ಮರುಕಳಿಸುವುದನ್ನು ಅದರಲ್ಲಿ ನೋಡಬಹುದು. ಇಂಕ್‌ಸ್ಕೇಪ್ ಕೂಡ ಉಚಿತ, ರೇಖಾಗಣಿತದ ವಿನ್ಯಾಸಗಳಿಗೆ ಹೇಳಿ ಮಾಡಿಸಿದ್ದು. ಕೆಲಸ ಬರತೊಡಗಿದ ಮೇಲೆ ಫೋಟೊಶಾಪ್ ಕಲಿಯಿರಿ, ಮುದ್ರಣದವರು ಬಣ್ಣಕ್ಕೊಂದು ಪದರವಿರುವ ಕಡತ ಕೇಳುತ್ತಾರೆ.

ಪೋರ್ಟ್‌ಫೋಲಿಯೊ

ಪೋರ್ಟ್‌ಫೋಲಿಯೊ ಎಂದರೆ ಖರೀದಿದಾರರಿಗೆ ತೋರಿಸುವ ನಿಮ್ಮ ಕೆಲಸದ ಕಡತ. ಅದರಲ್ಲಿ ಬಿಡಿ ಚಿತ್ರಗಳ ರಾಶಿ ಬೇಡ, ಸಂಗ್ರಹಗಳನ್ನು ಕಟ್ಟಿ. ಒಂದು ಸಂಗ್ರಹದಲ್ಲಿ ಒಂದು ಮುಖ್ಯ ವಿನ್ಯಾಸ, ಅದರ ಜೊತೆಗೆ ನಿಲ್ಲುವ ಎರಡನೆಯದು, ಇವೆರಡನ್ನೂ ಕೂಡಿಸುವ ಸರಳ ಚುಕ್ಕಿ ಅಥವಾ ಪಟ್ಟೆ ಇರಲಿ. ಪ್ರತಿಯೊಂದನ್ನೂ ಎರಡು ಮೂರು ಬಣ್ಣಗಳ ಮೇಳದಲ್ಲಿ ತೋರಿಸಿ. ಇಳಕಲ್ಲಿನ ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಹಸಿರು ಒಂದು ಮೇಳವಾದರೆ, ಅದೇ ವಿನ್ಯಾಸ ಬೂದು-ನೀಲಿಯಲ್ಲಿ ಇನ್ನೊಂದು ಮೇಳವಾಗುತ್ತದೆ. ಪರದೆಯ ಮೇಲಿನ ಚಿತ್ರದ ಜೊತೆ ನಿಜವಾದ ಬಟ್ಟೆಯ ತುಂಡುಗಳನ್ನೂ ಒಯ್ಯಿರಿ. ಬಟ್ಟೆ ಕೈಗೆ ಸಿಕ್ಕಾಗ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಹಣ ಬರುವ ದಾರಿಗಳು

ಮಿಲ್ಲು ಅಥವಾ ರಫ್ತು ಘಟಕದ ನೌಕರಿ, ಬಿಡಿ ಕೆಲಸ, ಪರವಾನಗಿ, ಸ್ವಂತ ಲೇಬಲ್: ದಾರಿ ನಾಲ್ಕು. ಮೊದಲ ಎರಡು ವರ್ಷ ನೌಕರಿ ಒಳ್ಳೆಯದು, ಮುದ್ರಣದ ಟೇಬಲ್ಲಿನ ಬದಿಯಲ್ಲಿ ನಿಂತು ಕಲಿಯುವುದನ್ನು ಮನೆಯಲ್ಲಿ ಕುಳಿತು ಕಲಿಯಲಾಗದು. ಬಿಡಿ ಕೆಲಸಕ್ಕೆ ಬಟ್ಟೆಯೊಂದನ್ನೇ ನೆಚ್ಚಬೇಕಿಲ್ಲ. ಮುದ್ರಣ ಕಾಶಿ ಎನಿಸಿದ ಗದಗಿನಲ್ಲಿ ಲಗ್ನಪತ್ರಿಕೆ, ನೋಟ್‌ಬುಕ್ಕಿನ ರಟ್ಟಿಗೂ ವಿನ್ಯಾಸ ಬೇಕು, ಹುಬ್ಬಳ್ಳಿ-ಧಾರವಾಡದ ತಿನಿಸಿನ ಅಂಗಡಿಗಳ ಡಬ್ಬಿಗಳಿಗೂ ಬೇಕು.

ವಿನ್ಯಾಸವನ್ನು ಪೂರ್ತಿ ಮಾರಿದರೆ ಒಮ್ಮೆ ಹಣ, ಆಮೇಲೆ ಹಕ್ಕಿಲ್ಲ. ಪರವಾನಗಿ ಕೊಟ್ಟರೆ ಹಕ್ಕು ನಿಮ್ಮದೇ. ಯಾವ ವಸ್ತುವಿಗೆ, ಎಷ್ಟು ವರ್ಷ, ಯಾವ ಪ್ರದೇಶದಲ್ಲಿ, ಅವರೊಬ್ಬರಿಗೇ ಅಥವಾ ಬೇರೆಯವರಿಗೂ ಎಂಬ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಇರಲೇಬೇಕು. ಪರಿಚಯದವರೇ ಆದರೂ ಅರ್ಧ ಹಣ ಮುಂಗಡ ಪಡೆದು ಕೆಲಸ ಹಿಡಿಯಿರಿ. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಮಾಡಿಸಿಟ್ಟುಕೊಳ್ಳಿ.

ಹಕ್ಕು ಮತ್ತು ಋಣ

ಇನ್‌ಸ್ಟಾಗ್ರಾಮಿನಲ್ಲಿ ಹಾಕುವ ಮುನ್ನ ಯೋಚಿಸಿ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ ಹತ್ತು ವರ್ಷ, ನವೀಕರಿಸಿದರೆ ಇನ್ನೂ ಐದು ವರ್ಷ ರಕ್ಷಣೆ ಸಿಗುತ್ತದೆ. ಆದರೆ ಅದು ಮೊದಲೇ ಬಹಿರಂಗವಾಗಿರಬಾರದು. ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯೂ ತಪ್ಪುತ್ತದೆ. ಎಲ್ಲವನ್ನೂ ನೋಂದಾಯಿಸಲು ಆಗದು, ಹೆಚ್ಚು ಮಾರಾಟವಾಗಬಲ್ಲದು ಎನಿಸಿದ್ದನ್ನು ಆಯ್ದುಕೊಳ್ಳಿ.

ಕಸೂತಿಗೆ, ನವಲಗುಂದ ಜಮಖಾನೆಗೆ, ಇಳಕಲ್ ಸೀರೆಗೆ ಜಿಐ ಟ್ಯಾಗ್ (ಭೌಗೋಳಿಕ ಸೂಚಕ ಮಾನ್ಯತೆ) ಇದೆ. ಕಸೂತಿಯ ತೇರನ್ನು ಮುದ್ರಿಸಿ ಅದನ್ನು ಕಸೂತಿ ಎಂದು ಮಾರುವುದು ಕಾನೂನಿಗೂ ಸಲ್ಲದು, ನಮ್ಮ ಅಜ್ಜಿಯರಿಗೂ ಸಲ್ಲದು. ಮುದ್ರಣವನ್ನು ಮುದ್ರಣವೆಂದೇ ಹೇಳಿ. ಕಸೂತಿಯನ್ನೇ ಮಾಡಿಸುವುದಾದರೆ ಬೆಲೆ ಹೀಗೆ ಕಟ್ಟಿ: ಮೊದಲು ಒಂದು ಚಿತ್ತಾರಕ್ಕೆ ಹಿಡಿಯುವ ತಾಸುಗಳನ್ನು ಹಾಕುವವರ ಪಕ್ಕದಲ್ಲೇ ಕುಳಿತು ಎಣಿಸಿ, ತಾಸಿನ ಕೂಲಿಯನ್ನು ಅವರೊಡನೆ ಮಾತನಾಡಿ ನಿಗದಿ ಮಾಡಿ, ಬಟ್ಟೆ ಮತ್ತು ನೂಲಿನ ಖರ್ಚು ಸೇರಿಸಿ, ಕೊನೆಗೆ ನಿಮ್ಮ ಪಾಲು ಹಾಕಿ. ಗಿರಾಕಿ ಬೆಲೆ ಇಳಿಸಲು ಕೇಳಿದರೆ ಚಿತ್ತಾರವನ್ನು ಚಿಕ್ಕದು ಮಾಡಿ, ತಾಸಿನ ಕೂಲಿಯನ್ನು ಮುಟ್ಟಬೇಡಿ.